ಕತ್ತರಿ ಅಳತೆ

ಊರಿನ ಅರ್ಧ ಮನೆಗಳ ಕಿಟಕಿಯ ಅಗಲ ಅವನಿಗೆ ಬಾಯಿಪಾಠ, ಆ ಮನೆಯವರ ಮುಖ ಮಾತ್ರ ನೆನಪಿರುವುದಿಲ್ಲ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ "ಏನ್ ಟೇಪಣ್ಣ, ಚೆನ್ನಾಗಿದ್ದೀರಾ?" ಎಂದರೆ ಹಲ್ಲು ಕಿರಿದು "ಓಹೋ, ಚೆನ್ನಾಗಿದೀನಿ ಸಾರ್" ಎಂದು ಸಾಗಹಾಕುತ್ತಾನೆ. ಎರಡು ರಸ್ತೆ ದಾಟಿದ ಮೇಲೆ ಹೊಳೆಯುತ್ತದೆ: ಓ, ಇವರು ಹಾಲ್ ಕಿಟಕಿ ತೊಂಬತ್ತಾರು ಇಂಚು, ಎಡಗಡೆ ಗೋಡೆ ಸೊಟ್ಟ.

ಪರದೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಅವನು ಅಳತೆಯವನು. ಸ್ಕೂಟರಿನ ಪಕ್ಕಕ್ಕೆ ಮಡಚುವ ಏಣಿ ಕಟ್ಟಿಕೊಂಡು, ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು, ಮನೆಮನೆಗೆ ಹೋಗಿ ಕಿಟಕಿ ಅಳೆದು ಬರುವುದು ಕೆಲಸ. ಮೂವತ್ತೆರಡನೆಯ ವಯಸ್ಸಿಗೆ ಅವನು ಸಾಧಿಸಿದ್ದೆಲ್ಲ ಬೇರೆಯವರ ಕಿಟಕಿಗಳಲ್ಲಿ ನೇತಾಡುತ್ತಿತ್ತು. ಅವನ ಸ್ವಂತ ಮಲಗುವ ಕೋಣೆಯಲ್ಲಿ ಮಾತ್ರ, ಮದುವೆಯಾದಾಗಿನಿಂದಲೂ, ಹಳೆಯ ಬೆಡ್‌ಶೀಟೊಂದು ಪರದೆಯ ಪಾತ್ರ ವಹಿಸುತ್ತಿತ್ತು.

ಈ ಕಸುಬಿನಲ್ಲಿ ಅಳತೆ ಎರಡು ಬಗೆ. ಗಿರಾಕಿ ಬರೀ ವಿಚಾರಿಸುತ್ತಿದ್ದರೆ ಅಂದಾಜು ಅಳತೆ. ಟೇಪನ್ನು ಒಂದು ಸಲ ಎಳೆದು "ಸುಮಾರು ಐದಡಿ" ಎಂದು ಬರೆದುಕೊಂಡರೆ ಮುಗಿಯಿತು. ಗಿರಾಕಿ ಒಪ್ಪಿ, ಅಡ್ವಾನ್ಸ್ ಕೊಟ್ಟ ಮೇಲೆ ತೆಗೆಯುವುದು ಕತ್ತರಿ ಅಳತೆ. ಅದನ್ನು ಮೂರು ಕಡೆ ತೆಗೆಯಬೇಕು: ಕಿಟಕಿಯ ಮೇಲೆ, ನಡುವೆ, ಕೆಳಗೆ. ಯಾವ ಗೋಡೆಯೂ ನೆಟ್ಟಗೆ ನಿಂತಿರುವುದಿಲ್ಲವಾದ್ದರಿಂದ ಮೂರೂ ಬೇರೆಬೇರೆ ಬರುತ್ತವೆ. ಅವುಗಳಲ್ಲಿ ಅತಿ ಚಿಕ್ಕದು ಲೆಕ್ಕಕ್ಕೆ. ಆ ಅಳತೆಯ ಮೇಲೆ ಬಟ್ಟೆ ಕತ್ತರಿಗೆ ಹೋಗುತ್ತದೆ, ಹೋದದ್ದು ವಾಪಸ್ಸು ಬರುವುದಿಲ್ಲ. ಜೊತೆಗೆ ಇನ್ನೊಂದು ನಿಯಮವೂ ಇತ್ತು. ಅಳೆಯುವವನು ಗಟ್ಟಿಯಾಗಿ ಹೇಳಬೇಕು, ಬರೆದುಕೊಳ್ಳುವವರು ಅದನ್ನು ತಿರುಗಿ ಹೇಳಿ ಬರೆಯಬೇಕು. ತಿರುಗಿ ಹೇಳದ ಅಳತೆ ಅಳತೆಯೇ ಅಲ್ಲ.

ಈ ನಿಯಮ ಬಂದದ್ದು ಅವನ ಕೃಪೆಯಿಂದಲೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಫೋನು ಹಿಡಿದು ಒಂದು ಮನೆಯ ಅಳತೆಯನ್ನೆಲ್ಲ ತಾನೊಬ್ಬನೇ ಬರೆದುಕೊಂಡು ಬಂದಿದ್ದ. ಹನ್ನೊಂದು ಪರದೆಗಳು ನೆಲದಿಂದ ಒಂದು ಗೇಣು ಮೇಲೆ, ನೀರು ದಾಟುವವರು ಪ್ಯಾಂಟು ಎತ್ತಿಕೊಂಡ ಹಾಗೆ ನೇತಾಡಿದವು. ಮಾಲೀಕರು ಅದರಲ್ಲೊಂದನ್ನು ಅಂಗಡಿಯ ಬಾಗಿಲಿಗೇ ಮೂರು ತಿಂಗಳು ಕಟ್ಟಿಸಿದರು. ಅವುಗಳಿಗೆ ಕತ್ತರಿ ಹಾಕಿದ್ದ ಹುಡುಗಿ ಮಹಡಿಯ ಹೊಲಿಗೆ ಕೋಣೆಯಿಂದ ಚೀಟಿ ಹಿಡಿದು ಇಳಿದು ಬಂದು, "ಇದನ್ನ ಬರೆದೋರು ಯಾರು?" ಎಂದು ಕೇಳಿದಳು.

"ನಾನೇ."

"ಇನ್ಮೇಲೆ ಒಬ್ಬರೇ ಬರ್ಕೋಬೇಡಿ. ಯಾರಿಗಾದ್ರೂ ಹೇಳಿ, ಅವರ ಬಾಯಲ್ಲಿ ತಿರುಗಿ ಕೇಳಿಸ್ಕೊಳ್ಳಿ."

ಅವಳು ಅವನಿಗೆ ಆಡಿದ ಮೊದಲ ಮಾತು ಅದು. ನಾಲ್ಕು ವರ್ಷದ ನಂತರ ಅವನು ಮದುವೆಯ ಪ್ರಸ್ತಾಪ ಎತ್ತಿದ್ದೂ ಅದೇ ರೀತಿ. "ಬರೋ ತಿಂಗಳು ಇಪ್ಪತ್ತೆರಡು. ಬೆಳಿಗ್ಗೆ ಹತ್ತು ಗಂಟೆ. ರಿಜಿಸ್ಟ್ರಾರ್ ಆಫೀಸು." ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಕತ್ತರಿಸಿ ಮುಗಿಸಿದಳು. ಆಮೇಲೆ, "ಇಪ್ಪತ್ತೆರಡು. ಹತ್ತು ಗಂಟೆ," ಎಂದಳು.

ಈಗ ಹೊಲಿಗೆ ಕೋಣೆಗೆ ಅವಳೇ ಯಜಮಾನಿ. ಏಳು ಜನ ಹೆಂಗಸರು ಅವಳನ್ನು ಕತ್ತರಿ ಅಕ್ಕ ಎನ್ನುತ್ತಾರೆ. ಅವಳ ಕತ್ತರಿಯನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಮಾಲೀಕರು ಒಮ್ಮೆ ಕಾಗದ ಕತ್ತರಿಸಲು ತೆಗೆದುಕೊಂಡು ಬೈಸಿಕೊಂಡಿದ್ದಾರೆ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಕೊಲ್ಲಿ ದೇಶದ ಊರೊಂದರಿಂದ ಮೇಲ್ ಬಂತು. ಅಲ್ಲಿ ದೊಡ್ಡ ಹೋಟೆಲುಗಳಿಗೆ ಪರದೆ ಮಾಡುವ ಕಂಪನಿ. ಅವನ ದೊಡ್ಡಮ್ಮನ ಮಗಳಾದ ಅಕ್ಕ ಮತ್ತು ಭಾವ ಎಂಟು ವರ್ಷದಿಂದ ಅದೇ ಊರಿನಲ್ಲಿದ್ದಾರೆ. ಆ ಕಂಪನಿಯ ಗೋದಾಮಿನಲ್ಲಿರುವ ಭಾವ ಇವನ ಹೆಸರು ಹೇಳಿಟ್ಟಿದ್ದರು. ಅಳತೆ ವಿಭಾಗದ ಮುಖ್ಯಸ್ಥನ ಹುದ್ದೆ, ಇರಲು ಮನೆ, ಕೆಲಸಕ್ಕೆ ಸೇರುವ ಮೊದಲು ಐದು ದಿನ ದಂಪತಿ ಇಬ್ಬರೂ ಬಂದು ಊರು ನೋಡಲು ಟಿಕೆಟ್ಟು.

ಮೇಲ್ ಬಂದಾಗ ಅವನು ಗಿರಾಕಿಯೊಬ್ಬರ ಬಚ್ಚಲುಮನೆಯಲ್ಲಿ ಏಣಿ ಹತ್ತಿ ಸಣ್ಣ ಕಿಟಕಿಯೊಂದನ್ನು ಅಳೆಯುತ್ತಿದ್ದ. ಅಂದು ಬೆಳಿಗ್ಗೆ ಮಾಲೀಕರ ಮಗ ಯಾರಿಗೋ ಅವನನ್ನು ತೋರಿಸಿ, "ಇವನು ನಮ್ಮ ಟೇಪು, ಕಳಿಸಿಕೊಡ್ತೀನಿ" ಎಂದಿದ್ದ. ಇಷ್ಟು ವರ್ಷದಲ್ಲಿ ಅಂಗಡಿಯವರ ಬಾಯಲ್ಲಿ ಟೇಪಣ್ಣನಿಂದ ಅಣ್ಣನೂ ಉದುರಿಹೋಗಿ ಬರೀ ಟೇಪು ಉಳಿದಿದ್ದ. ಮೇಲ್‌ನ ಕೆಳಗೆ ಎರಡು ಬಟನ್ ಇದ್ದವು: 'ಒಪ್ಪಿಗೆ', 'ಸಮಯ ಬೇಕು'. ಅವನು ಮೊದಲನೆಯದನ್ನು ಒತ್ತಿದ. ಖಚಿತವೇ ಎಂದು ಕೇಳಿತು, ಮತ್ತೆ ಒತ್ತಿದ. ಬೆರಳಿನಿಂದ ಸಹಿ ಹಾಕಿ ಎಂದಿತು, ಹಾಕಿದ. ಬೆರಳು ಜಾರಿತು ಎನ್ನುವವನು ಮೂರು ಸಲ ಜಾರಿದ್ದು ಹೇಗೆ ಎಂಬುದಕ್ಕೂ ಒಂದು ಉತ್ತರ ಇಟ್ಟುಕೊಂಡಿರಬೇಕು. ಅವನ ಹತ್ತಿರ ಇರಲಿಲ್ಲ.

ಸಂಜೆ ಹೆಂಡತಿಗೆ ಅರ್ಧ ಮಾತ್ರ ಹೇಳಿದ. "ಐದು ದಿನ ಬಂದು ನೋಡಿ ಅಂತಾರೆ. ನೋಡೋಣ. ಸರಿ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ನಾವಿನ್ನೂ ಏನೂ ಹೇಳಿಲ್ಲ ತಾನೆ?"

"ಛೆ, ಏನೂ ಹೇಳಿಲ್ಲ."

ಆ ಕೊನೆಯ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ತೆಗೆಯಲು ಸರಿಯಾದ ಸಮಯಕ್ಕೆ ಕಾದ. ಅವಳು ಬಟ್ಟೆ ಇಸ್ತ್ರಿ ಮಾಡುವಾಗ ಹೇಳಬಾರದು, ಕೈ ಸುಟ್ಟುಕೊಂಡಾಳು. ಊಟಕ್ಕೆ ಕೂತಾಗ ಹೇಳಬಾರದು, ಅನ್ನ ಬಿಟ್ಟು ಎದ್ದಾಳು. ಇಬ್ಬರೂ ನಗುತ್ತಿರುವಾಗ ಹೇಳಬಾರದು, ನಗು ಹಾಳು. ಇಷ್ಟನ್ನು ಕಳೆದರೆ ದಿನದಲ್ಲಿ ಉಳಿಯುವ ಹೊತ್ತೇ ಕಡಿಮೆ. ಅವಳಾದರೋ ಹೊಸ ನೋಟ್‌ಬುಕ್ ತಂದು ನಲವತ್ತೊಂದು ಪ್ರಶ್ನೆ ಬರೆದಿದ್ದಳು. ನೀರು ಉಪ್ಪಾ? ಆಸ್ಪತ್ರೆ ಎಷ್ಟು ದೂರ? ಹೆಂಗಸರು ಒಬ್ಬೊಬ್ಬರೇ ಬಸ್ಸಿನಲ್ಲಿ ಓಡಾಡುತ್ತಾರಾ? ಕತ್ತರಿಸುವ ಮೇಜು ಮನೆಯೊಳಗೆ ಹಿಡಿಸುತ್ತಾ? ಏಳನೆಯ ಪ್ರಶ್ನೆಗೆ ಎರಡು ಗೆರೆ ಎಳೆದಿದ್ದಳು: ನನಗೆ ಕೆಲಸ ಸಿಗುತ್ತಾ?

ವಿಮಾನ ಇಳಿದು ಹೊರಗೆ ಬಂದಾಗ ಬಿಸಿಲು ಮುಖಕ್ಕೆ ಒಲೆಯ ಬಾಗಿಲು ತೆಗೆದಂತೆ ಹೊಡೆಯಿತು. ಭಾವ ಕಾರಿನ ಪಕ್ಕ ನಿಂತಿದ್ದರು.

"ಏನ್ ಬಿಸಿಲು ಭಾವ," ಎಂದ.

"ಇದು ಬಿಸಿಲಲ್ಲಯ್ಯ, ಚಳಿಗಾಲದ ಕೊನೆ. ಬಿಸಿಲು ಶುರುವಾದ್ಮೇಲೆ ನಾವು ಅದರ ಬಗ್ಗೆ ಮಾತಾಡಲ್ಲ, ಬಾಯಿ ಒಣಗುತ್ತೆ." ಪೆಟ್ಟಿಗೆ ಎತ್ತಿ ಡಿಕ್ಕಿಗೆ ಹಾಕುತ್ತ, "ಅಂತೂ ಬಂದ್ರಲ್ಲ, ಇನ್ನು ಸೇರೋ ತಾರೀಕು—" ಎಂದು ಶುರುಮಾಡುತ್ತಿದ್ದಂತೆ ಅವನಿಗೆ ಎಂದೂ ಬರದ ಕೆಮ್ಮು ಬಂತು. ಹೆಂಡತಿ ನೀರಿನ ಬಾಟಲಿ ಕೊಟ್ಟಳು. ಮನೆ ತಲುಪಿ ಅವಳು ಅಕ್ಕನ ಜೊತೆ ಲಿಫ್ಟ್ ಹತ್ತಿದ ಮೇಲೆ, ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ, ಅವನು ಭಾವನಿಗೆ ವಿಷಯ ಬಿಡಿಸಿ ಹೇಳಿದ.

ಭಾವ ಕಾರಿಗೆ ಬೀಗ ಹಾಕಿ, ಬಿತ್ತೇ ಎಂದು ಬಾಗಿಲು ಎಳೆದು ನೋಡಿದರು. "ಅಯ್ಯಾ ಪುಣ್ಯಾತ್ಮ. ಹೆಂಡ್ತಿಗೆ ಹೇಳದೆ ಸಂಸಾರ ಎತ್ತೋ ಧೈರ್ಯ ನನಗಂತೂ ಇಲ್ಲಪ್ಪ. ನಿಮ್ಮಕ್ಕಂಗೆ ಹೇಳದೆ ನಾನು ಸೋಪಿನ ಬ್ರ್ಯಾಂಡೂ ಬದಲಾಯಿಸಲ್ಲ."

"ಹೇಳ್ತೀನಿ ಭಾವ. ಸಮಯ ನೋಡಿ."

"ನೋಡು. ಇಲ್ಲಿ ಬೇಕಾದಷ್ಟು ಗಡಿಯಾರ ಮಾರ್ತಾರೆ."

ಆ ಮಧ್ಯಾಹ್ನವೆಲ್ಲ ಹೆಂಡತಿ ಅಕ್ಕನ ಎದುರು ನೋಟ್‌ಬುಕ್ ತೆರೆದು ಕೂತಿದ್ದಳು. ಅಕ್ಕ ಮುಚ್ಚುಮರೆಯಿಲ್ಲದ ಹೆಂಗಸು. "ಮೊದಲ ವರ್ಷ ನನಗೆ ಮಾತಾಡೋಕೆ ಯಾರೂ ಇರ್ಲಿಲ್ಲ ಕಣೆ. ಲಿಫ್ಟಲ್ಲಿ ಒಬ್ಬಳು ಬಾಗಿಲು ಮುಚ್ಚುತ್ತಿದೆ ಅಂತಾಳಲ್ಲ, ರೆಕಾರ್ಡಿಂಗು, ಅವಳಿಗೆ ನಾನು 'ಸರಿಯಮ್ಮ' ಅಂತಿದ್ದೆ. ಒಂದಿನ ನಿಮ್ಮ ಭಾವ ಕೇಳಿಸ್ಕೊಂಡು ಹೆದರಿದ್ರು."

ಹೆಂಡತಿ ನಕ್ಕಳು, ನಗುತ್ತಲೇ ಬರೆದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನಿಗೆ ನಗು ಬರಲಿಲ್ಲ. ಅವಳ ಒಂದೊಂದು ಪ್ರಶ್ನೆಯೂ ಇನ್ನೂ ತೆರೆದಿರುವ ಬಾಗಿಲೆಂದು ನಂಬಿ ತಟ್ಟಿದ್ದು. ಬಾಗಿಲಿಗೆ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡವನು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದ.

ಎರಡನೆಯ ದಿನ ಕಂಪನಿ. ಮ್ಯಾನೇಜರ್ ಇಬ್ಬರನ್ನೂ ಕೂರಿಸಿಕೊಂಡು ಬಹಳ ಮರ್ಯಾದೆಯಿಂದ ಮಾತಾಡಿದರು. ಪುಣ್ಯಕ್ಕೆ ಹಳೆಯ ಮೇಲ್‌ನ ಸುದ್ದಿ ಎತ್ತಲಿಲ್ಲ. ಅವರ ಪಾಲಿಗೆ ಅದು ಮುಗಿದ ಕೆಲಸ. ಹೊಲಿಗೆ ವಿಭಾಗದಲ್ಲಿ ಬಟ್ಟೆಯನ್ನು ನಲವತ್ತು ಪದರ ಹಾಸಿ ಒಂದೇ ಏಟಿಗೆ ಕತ್ತರಿಸುವ ಯಂತ್ರವಿತ್ತು. ಹೆಂಡತಿ ಅದನ್ನು ಒಂದು ಸುತ್ತು ಹಾಕಿ ನೋಡಿದಳು.

"ಕೈಯಲ್ಲಿ ಕತ್ತರಿಸೋರಿಗೆ ಇಲ್ಲಿ ಕೆಲಸ ಇದೆಯಾ ಸರ್?"

ಮ್ಯಾನೇಜರ್ ಮುಗುಳ್ನಕ್ಕರು. "ಎಲ್ಲಾ ಯಂತ್ರ ಮಾಡುತ್ತೆ ಮೇಡಂ. ನೀವು ಆರಾಮವಾಗಿ ಮನೇಲಿರಬಹುದು."

ಅವಳು ಏಳನೆಯ ಪ್ರಶ್ನೆಯ ಎದುರು 'ಆರಾಮವಾಗಿ ಮನೇಲಿರಬಹುದು' ಎಂದು ಅಕ್ಷರ ಬಿಡದೆ ಬರೆದಳು. ಹೊಲಿಗೆ ವಿಭಾಗದ ಮುದುಕ ಮೇಸ್ತ್ರಿ ದೂರದಿಂದ ಅವಳನ್ನು ನೋಡುತ್ತಿದ್ದವರು ಹತ್ತಿರ ಬಂದು ಏನೋ ಹೇಳಿದರು, ಮೂಲೆಯ ಕಡೆ ಕೈ ತೋರಿಸಿದರು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅವನ ಕೈಗೆ ಅಳತೆಯ ಲೇಸರ್ ಯಂತ್ರ ಬಂದಿತ್ತು. ಗುಂಡಿ ಒತ್ತಿದರೆ ಎದುರು ಗೋಡೆಗೆ ಕೆಂಪು ಚುಕ್ಕೆ ಬಿದ್ದು ಅಳತೆ ತಾನೇ ಮೂಡುತ್ತದೆ, ತಾನೇ ದಾಖಲಾಗುತ್ತದೆ. ಹೇಳುವವನೂ ಬೇಡ, ತಿರುಗಿ ಹೇಳುವವರೂ ಬೇಡ. ಹೊಸ ಆಟಿಕೆ ಸಿಕ್ಕವನಂತೆ ಅವನು ಆ ಕೋಣೆಯ ಉದ್ದ, ಅಗಲ, ಎತ್ತರ, ಕೊನೆಗೆ ಮ್ಯಾನೇಜರರ ಮೇಜಿನವರೆಗೆ ಎಲ್ಲವನ್ನೂ ಅಳೆದ.

ಮೂರನೆಯ ದಿನ ಮನೆ ನೋಡುವುದು. ಕಂಪನಿಯವರು ತೋರಿಸುವ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. "ಬರೀ ನೋಡೋಕೆ ಬಂದೋರಿಗೂ ಮನೆ ತೋರಿಸ್ತಾರಾ?" ಎಂದು ಅವಳು ಕೇಳಿದ್ದಳು. "ಎಲ್ಲರಿಗೂ ತೋರಿಸ್ತಾರೆ, ಒಂದು ಅಂದಾಜು ಇರ್ಲಿ ಅಂತ," ಎಂದಿದ್ದ. ಸುಳ್ಳಿಗೆ ಒಂದು ಒಳ್ಳೆಯ ಗುಣವಿದೆ, ಒಂಟಿಯಾಗಿರುವುದಿಲ್ಲ. ಬೇಗ ಸಂಸಾರ ಹೂಡುತ್ತದೆ.

ಮನೆ ತೋರಿಸುವವರು ಸೊಂಟಕ್ಕೆ ಕೀಲಿಗೊಂಚಲು, ಎರಡು ಕೈಗೆ ಎರಡು ಫೋನು ಇದ್ದ ಮಧ್ಯವಯಸ್ಸಿನವರು. ಮೊದಲ ಮನೆಯಲ್ಲಿ ಕಿಟಕಿ ತೆಗೆದರೆ ಎದುರುಮನೆಯ ಏಸಿ ಯಂತ್ರಗಳು ಸಾಲಾಗಿ ಕೂತು ಬೆವರುತ್ತಿದ್ದವು. ಅವನು ಟೇಪು ಎಳೆದು "ಸುಮಾರು ನಾಲ್ಕಡಿ" ಎಂದ. "ಸುಮಾರು ನಾಲ್ಕಡಿ," ಎಂದು ಅವಳು ಬರೆದುಕೊಂಡಳು. ಎರಡನೆಯದರಲ್ಲಿ ಅವಳ ಮೇಜು ಇಟ್ಟರೆ ಮನುಷ್ಯರು ಮೇಜಿನ ಕೆಳಗಿರಬೇಕಾಗಿತ್ತು. "ಸುಮಾರು ಐದೂವರೆ." "ಸುಮಾರು ಐದೂವರೆ. ಕೆಳಗೆ ನೀನು ಮಲ್ಕೋ, ಮೇಲೆ ನಾನು ಬಟ್ಟೆ ಹಾಸ್ತೀನಿ," ಎಂದು ಅವಳು ನಕ್ಕಳು. ಆ ಪ್ರಯಾಣದಲ್ಲಿ ಅವಳು ಅವನ ಮುಖ ನೋಡಿ ನಕ್ಕದ್ದು ಅದೇ ಕೊನೆ.

ಮೂರನೆಯ ಮನೆ ಒಂಬತ್ತನೆಯ ಮಹಡಿಯಲ್ಲಿತ್ತು. ಖಾಲಿ ಕೋಣೆ, ಹೊಸ ಸುಣ್ಣದ ವಾಸನೆ, ಯಾರೋ ಬಿಟ್ಟುಹೋದ ಪ್ಲಾಸ್ಟಿಕ್ ಸ್ಟೂಲು. ಮಲಗುವ ಕೋಣೆಯ ಗೋಡೆಯ ತುಂಬ ಒಂದೇ ಕಿಟಕಿ. ಕಟ್ಟುತ್ತಿರುವ ಎರಡು ಕಟ್ಟಡಗಳ ನಡುವೆ, ದೂರದಲ್ಲಿ, ರಿಬ್ಬನ್ನಿನಷ್ಟು ಅಗಲದ ಸಮುದ್ರ. ಅವನಿಗೆ ಮನಸ್ಸು ತುಂಬಿ ಬಂತು. ಈ ಕಿಟಕಿಗೆ ಬೆಡ್‌ಶೀಟ್ ಅಲ್ಲ, ಸರಿಯಾದ ಪರದೆ ಹಾಕಬೇಕು ಎಂದುಕೊಂಡ. ಎಂದುಕೊಳ್ಳುತ್ತಲೇ ಸ್ಟೂಲು ಹತ್ತಿದ.

"ಮೇಲೆ, ಎಪ್ಪತ್ತೊಂದು ಮುಕ್ಕಾಲು."

"ಮೇಲೆ, ಎಪ್ಪತ್ತೊಂದು ಮುಕ್ಕಾಲು," ಎಂದು ಅವಳು ಬರೆದಳು.

ಇಳಿದ. "ನಡುವೆ, ಎಪ್ಪತ್ತೊಂದೂವರೆ."

ಈ ಸಲ ಅವಳ ದನಿ ತಡವಾಗಿ ಬಂತು. "ನಡುವೆ. ಎಪ್ಪತ್ತೊಂದೂವರೆ."

ಕುಕ್ಕರಗಾಲಲ್ಲಿ ಕೂತ. "ಕೆಳಗೆ, ಎಪ್ಪತ್ತೊಂದೂಕಾಲು."

ಉತ್ತರವಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. ತಿರುಗಿ ನೋಡಿದರೆ ಅವಳು ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಟೇಪಿನ ಮೇಲಿತ್ತು. ಅವನೂ ಟೇಪನ್ನೇ ನೋಡಿದ. ಕಿಟಕಿಯ ಕೆಳಮೂಲೆಯಲ್ಲಿ, ಕಾಲಿಂಚಿನ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಹಿಡಿದಿದ್ದ. ಅಂದಾಜು ಅಳತೆಗೆ ಯಾರೂ ಉಗುರು ಒತ್ತುವುದಿಲ್ಲ. ಅವನು ತಟ್ಟನೆ ಉಗುರು ತೆಗೆದ.

"ಆಯ್ತು ಸರ್, ನೋಡಿದ್ವಿ," ಎಂದು ಅವಳು ಕೀಲಿಗೊಂಚಲಿನವರಿಗೆ ಸೌಜನ್ಯದಿಂದಲೇ ಹೇಳಿದಳು.

ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎಂದು ಹೆಣ್ಣುದನಿ ಹೇಳಿತು. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಆ ಊರಿನ ಬಸ್ ನಿಲ್ದಾಣಗಳು ಗಾಜಿನ ಪುಟ್ಟ ಕೋಣೆಗಳು, ಒಳಗೆ ಏಸಿ. ಇಬ್ಬರೂ ಬೆಂಚಿನ ಎರಡು ತುದಿಗೆ ಕೂತರು. ಒಂದು ಬಸ್ಸು ಬಂದು ಹೋಯಿತು, ಅವಳು ಏಳಲಿಲ್ಲ.

"ಅಡ್ವಾನ್ಸ್ ಯಾವತ್ತು ಬಂತು?" ಎಂದು ಕೇಳಿದಳು.

"ಯಾವ ಅಡ್ವಾನ್ಸು?"

"ಅಡ್ವಾನ್ಸ್ ಬರದೆ ನೀವು ಮೂರು ಕಡೆ ಟೇಪ್ ಇಟ್ಟಿದ್ದನ್ನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ."

ಮದುವೆಯಾಗಿ ಆರು ತಿಂಗಳಿಗೇ ಬಿಟ್ಟುಹೋಗಿದ್ದ 'ನೀವು' ಗಾಜಿನ ಕೋಣೆಯೊಳಗೆ ಬಂದು ಇಬ್ಬರ ನಡುವೆ ಕೂತಿತು. ಇನ್ನು ಸುತ್ತಿ ಬಳಸಿ ಪ್ರಯೋಜನವಿರಲಿಲ್ಲ.

"ಇಪ್ಪತ್ಮೂರು ದಿನ ಆಯ್ತು. ಒಪ್ಪಿಗೆ ಅಂತ ಒತ್ತಿಬಿಟ್ಟೆ."

"ಇಪ್ಪತ್ಮೂರು ದಿನ," ಎಂದಳು. "ಎಲ್ಲಿ?"

"ಗಿರಾಕಿ ಮನೆ ಬಾತ್ರೂಮಲ್ಲಿ."

"ಬಾತ್ರೂಮಲ್ಲಿ."

"ಏಣಿ ಮೇಲೆ."

"ಏಣಿ ಮೇಲೆ." ಅಭ್ಯಾಸಬಲದಿಂದ ತಿರುಗಿ ಹೇಳುತ್ತಿದ್ದಳೋ, ಬೇಕೆಂದೇ ಹೇಳುತ್ತಿದ್ದಳೋ ತಿಳಿಯಲಿಲ್ಲ. ಅವಳ ಬಾಯಿಂದ ಕೇಳಿದಾಗ ತನ್ನ ಸಾಹಸ ಎಷ್ಟು ಕ್ಷುಲ್ಲಕವಾಗಿದೆ ಎಂದು ಮಾತ್ರ ತಿಳಿಯಿತು. "ಭಾವಂಗೆ ಗೊತ್ತಾ?"

"ಗೊತ್ತು."

"ಅಂದ್ರೆ ಅಕ್ಕಂಗೂ ಗೊತ್ತು."

ಅವನಿಗೆ ಸೋಪಿನ ಬ್ರ್ಯಾಂಡಿನ ಮಾತು ನೆನಪಾಯಿತು.

"ಕಂಪನಿಗೆ ಗೊತ್ತು, ಕೀಲಿಯವರಿಗೆ ಗೊತ್ತು. ನಾನೊಬ್ಬಳೇ ನೋಟ್‌ಬುಕ್ ಹಿಡ್ಕೊಂಡು ಕಂಡಕಂಡೋರನ್ನೆಲ್ಲ ಕೇಳ್ತಾ ಇದೀನಿ, ನಾವಿನ್ನೂ ತೀರ್ಮಾನ ಮಾಡಿಲ್ಲ ಅಂತ. ಎಷ್ಟು ಜನ ಒಳಗೊಳಗೇ ನಕ್ಕಿರ್ಬೇಕು."

"ನೀನು ಬೇಡ ಅಂತೀಯೇನೋ ಅಂತ..."

"ಬೇಡ ಅಂದಿದ್ನಾ?"

"ಇಲ್ಲ."

"ಕೇಳಿದ್ರಾ?"

"ಇಲ್ಲ."

ಮತ್ತೊಂದು ಬಸ್ಸು ಬಂತು. ಈ ಸಲ ಅವಳು ಎದ್ದು ಹತ್ತಿದಳು, ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ ನಿಂತು ದಾರಿಯುದ್ದಕ್ಕೂ ಅವಳ ಜಡೆಯನ್ನೇ ನೋಡಿದ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಅಕ್ಕನ ಜೊತೆ ಹೊರಟಳು. ಎಲ್ಲಿಗೆ ಎಂದರೆ "ಕೆಲಸ ಇದೆ" ಎಂದಷ್ಟೇ ಉತ್ತರ. ಭಾವ ಡ್ಯೂಟಿಗೆ ಹೋಗಿದ್ದರು. ಮನೆಯಲ್ಲಿ ಅವನೂ, ಬಾಲ್ಕನಿಯಲ್ಲಿ ಗಡಗಡ ತಿರುಗುವ ವಾಷಿಂಗ್ ಮೆಷಿನ್ನೂ. ಅದರ ಪಕ್ಕ ನಿಂತು ಯೋಚಿಸಿ ಯೋಚಿಸಿ ಅವನು ಒಂದು ಉಪಾಯ ಕಂಡುಹಿಡಿದ. ತಪ್ಪನ್ನು ಒರೆಸಿಹಾಕಿದರಾಯಿತು. ಅವಳು ಬರುವಷ್ಟರಲ್ಲಿ ಎಲ್ಲ ಮೊದಲಿನಂತಿರಬೇಕು. ಮ್ಯಾನೇಜರಿಗೆ ಫೋನ್ ಹಚ್ಚಿ, ಮನೆಯ ಪರಿಸ್ಥಿತಿ ಹೀಗಿದೆ, ನಾನು ಬರಲಾಗುವುದಿಲ್ಲ, ಕ್ಷಮಿಸಿ ಎಂದ. ಮ್ಯಾನೇಜರ್, ಬಾಯಿಮಾತು ಸಾಲದು, ಫಾರ್ಮ್ ಕಳಿಸುತ್ತೇನೆ, ನಾಳೆ ಮಧ್ಯಾಹ್ನದೊಳಗೆ ತುಂಬಿ ಕಳಿಸಿ ಎಂದರು. ದನಿಯಲ್ಲಿ ಮೊದಲಿನ ಮರ್ಯಾದೆಯಿರಲಿಲ್ಲ.

ಫೋನಿಟ್ಟ ಮೇಲೆ ಎದೆ ಹಗುರಾಯಿತು. ದೊಡ್ಡ ತ್ಯಾಗ ಮಾಡಿದವರ ಮುಖ ಹೇಗಿರಬೇಕೆಂದು ಬಾಲ್ಕನಿಯ ಗಾಜಿನಲ್ಲಿ ಒಮ್ಮೆ ನೋಡಿಕೊಂಡ.

ಅವಳು ಬಂದದ್ದು ಊಟದ ಹೊತ್ತಿಗೆ. ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟ. "ಫೋನ್ ಮಾಡಿ ಬೇಡ ಅಂದ್ಬಿಟ್ಟೆ. ಮುಗೀತು. ನಾವು ವಾಪಸ್ ಹೋಗೋಣ, ಮೊದಲಿನ ಹಾಗೇ ಇರೋಣ."

ಅವಳು ಒಂದು ಚಪ್ಪಲಿ ಬಿಟ್ಟು, ಒಂದು ಕಾಲಲ್ಲಿ ಉಳಿಸಿಕೊಂಡು ಹಾಗೇ ನಿಂತಳು. ಹಿಂದೆ ಬರುತ್ತಿದ್ದ ಅಕ್ಕ ಇಬ್ಬರ ಮುಖ ನೋಡಿ, "ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

"ಇದನ್ನೂ ನನ್ನ ಕೇಳದೇನೇ ಮಾಡಿದ್ರಾ?"

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಅಂಗೈ ತೆರೆದು ಹಿಡಿದಳು. ಬೆರಳ ತುದಿಗೆಲ್ಲ ನೀಲಿ ಸೀಮೆಸುಣ್ಣ ಮೆತ್ತಿತ್ತು, ಬಟ್ಟೆಯ ಮೇಲೆ ಗುರುತು ಹಾಕುವಂಥದು.

"ಮೊನ್ನೆ ಆ ಮೇಸ್ತ್ರಿ ಹೇಳಿದ್ರು, ಮಖಮಲ್ಲು ಯಂತ್ರದಲ್ಲಿ ಜಾರುತ್ತೆ, ಅದನ್ನ ಕೈಯಲ್ಲೇ ಕತ್ತರಿಸ್ಬೇಕು, ಮೂಲೆ ಮೇಜು ಒಂದು ವರ್ಷದಿಂದ ಖಾಲಿ ಬಿದ್ದಿದೆ ಅಂತ. ಮ್ಯಾನೇಜರಿಗೆ ಅದು ಗೊತ್ತೇ ಇಲ್ಲ. ನೀವು ಆಗ ಗೋಡೆಗೆ ಕೆಂಪು ಚುಕ್ಕೆ ಬಿಡ್ತಾ ಇದ್ರಿ. ಇವತ್ತು ಹೋಗಿ ಎರಡು ಪರದೆ ಕತ್ತರಿಸಿ ತೋರಿಸಿದೆ. ಅವರ ಕತ್ತರಿ ಚೆನ್ನಾಗಿಲ್ಲ, ಆದ್ರೂ ಅಂಚು ನೆಟ್ಟಗೆ ಬಂತು."

"ಅಂದ್ರೆ ನೀನು ಬರ್ತೀಯಾ?" ದನಿಯಲ್ಲಿ ಆಸೆ ಇಣುಕಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಬರ್ತೀನಿ ಅಂತ ಹೇಳಿಲ್ಲ. ಬರಲ್ಲ ಅಂತಾನೂ ಹೇಳಿಲ್ಲ. ಇನ್ನೂ ಹದಿನಾರು ಪ್ರಶ್ನೆ ಬಾಕಿ ಇದೆ. ಅಲ್ಲಿ ಏಳು ಜನ ನನ್ನ ನಂಬ್ಕೊಂಡು ಕೂತಿದಾರೆ. ಇವೆಲ್ಲ ಇರ್ಲಿ." ಅವಳು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಜೋಡಿಸಿಟ್ಟಳು. "ಬರೋದು ದೊಡ್ಡ ವಿಷಯ ಅಲ್ಲ. ಬಂದ್ಮೇಲೆ ಇಲ್ಲಿ ನನಗೆ ನೀವು ಬಿಟ್ರೆ ಯಾರಿದಾರೆ? ಒಬ್ಬರೇ ಬರ್ಕೊಳ್ಳೋರ ಜೊತೆ ಇಷ್ಟು ದೂರ ಬಂದು ಹೇಗಿರೋದು?"

ಅವನಿಗೆ ಅಂಗಡಿಯ ಬಾಗಿಲಿಗೆ ಮೂರು ತಿಂಗಳು ಕಟ್ಟಿದ್ದ ಗಿಡ್ಡ ಪರದೆ ನೆನಪಾಯಿತು. ಅಂದು ತಪ್ಪಿದ್ದು ಬಟ್ಟೆಯಲ್ಲಿ, ಮಾಲೀಕರು ಬೇರೆ ಬಟ್ಟೆ ಕೊಟ್ಟಿದ್ದರು.

"ಫಾರ್ಮು ಇನ್ನೂ ಕಳಿಸಿಲ್ಲ," ಎಂದ ಕೊನೆಗೆ. "ನಾಳೆ ಮಧ್ಯಾಹ್ನದವರೆಗೆ ಸಮಯ ಇದೆ."

"ನಾಳೆ ಮಧ್ಯಾಹ್ನ," ಎಂದಳು ಅವಳು, ಮತ್ತು ಕೈತೊಳೆಯಲು ಹೋದಳು. ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಊಟಕ್ಕೆ ಭಾವ ಬಂದು ಎರಡು ಜೋಕು ಹೇಳಿದರು. ಅವಕ್ಕೆ ಅವರೊಬ್ಬರೇ ನಕ್ಕರು.

ಐದನೆಯ ದಿನ ಬೆಳಿಗ್ಗೆ ಅವಳು ಹೇಳಿದಂತೆ ಅವನು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ. ಅವಳು ಎದುರು ಕೂತಳು. ನಿನ್ನೆ ಬೇಡ ಎಂದವನು ಇಂದು ಸಮಯ ಕೇಳುತ್ತಿದ್ದಾನೆ ಎಂದು ತಿಳಿದ ಮ್ಯಾನೇಜರಿಗೆ ರೇಗಿತು. ನೀವು ಅಳತೆ ತೆಗೆಯುವುದೂ ಹೀಗೆಯೇ ಏನು ಎಂದು ಕೇಳಿದರು. ಆ ಮಾತು ನೆಟ್ಟಗೆ ಬಂದು ನಾಟಿತು. ಅವನು ಕಿತ್ತುಕೊಳ್ಳಲೂ ಹೋಗಲಿಲ್ಲ. ಕೊನೆಗೆ, ಏಳು ದಿನ ಕೊಡುತ್ತೇನೆ, ಅಷ್ಟರಲ್ಲಿ ಬೇರೆಯವರು ಸಿಕ್ಕರೆ ನನ್ನನ್ನು ದೂರಬೇಡಿ, ಆ ಮನೆಯೂ ಇರುತ್ತದೆಂಬ ಭರವಸೆ ಇಲ್ಲ ಎಂದರು.

"ಏಳು ದಿನ. ಕೆಲಸಕ್ಕೂ ಭರವಸೆ ಇಲ್ಲ, ಮನೆಗೂ ಇಲ್ಲ," ಎಂದು ಅವನು ಹೆಂಡತಿಯ ಕಡೆ ನೋಡಿ ಹೇಳಿದ.

"ಏಳು ದಿನ. ಕೆಲಸಕ್ಕೂ ಇಲ್ಲ, ಮನೆಗೂ ಇಲ್ಲ," ಎಂದು ಅವಳು ಬರೆದುಕೊಂಡಳು.

ಹಳೆಯ ಅಂಗಡಿಯ ಏಣಿ, ಮಾಲೀಕರ ಮಗನ ಮಾತು, ಒಂಬತ್ತನೆಯ ಮಹಡಿಯ ರಿಬ್ಬನ್ ಸಮುದ್ರ ಎಲ್ಲವೂ ಅವನ ತಲೆಯಲ್ಲಿ ಒಂದರ ಮೇಲೊಂದು ಬಿದ್ದವು. ಏಳು ದಿನದ ಕೊನೆಗೆ ಯಾವುದು ಕೈಗೆ ಉಳಿಯುತ್ತದೋ ಗೊತ್ತಿರಲಿಲ್ಲ. ಅವಳು ಯಾವ ಕಡೆ ವಾಲುತ್ತಾಳೆಂದು ಮುಖ ನೋಡಿ ಊಹಿಸುವುದನ್ನು ನಿನ್ನೆಯಿಂದ ಬಿಟ್ಟಿದ್ದ. ಊಹಿಸಿಯೇ ಇಷ್ಟು ದೂರ ಬಂದದ್ದು.

ವಿಮಾನ ಸಂಜೆಗೆ. ಭಾವನ ಕಾರು ಆ ಕಟ್ಟಡದ ಮುಂದೆ ಹಾಯುವಾಗ ಅವಳು, "ಭಾವ, ಹತ್ತು ನಿಮಿಷ ನಿಲ್ಲಿಸ್ತೀರಾ?" ಎಂದಳು. ಕೀಲಿಗೊಂಚಲಿನವರು ಕೆಳಗೇ ಇದ್ದರು. ಎರಡು ಫೋನುಗಳ ನಡುವೆ ತಲೆಯಾಡಿಸಿ ಬಾಗಿಲು ತೆಗೆದುಕೊಟ್ಟರು.

ಕೋಣೆ ಮೊನ್ನೆಯಂತೆಯೇ ಇತ್ತು. ಪ್ಲಾಸ್ಟಿಕ್ ಸ್ಟೂಲು ಅವನು ಬಿಟ್ಟ ಜಾಗದಲ್ಲೇ ಇತ್ತು. ಧೂಳಿನಿಂದಾಗಿ ಅಂದು ಸಮುದ್ರ ಕಾಣುತ್ತಿರಲಿಲ್ಲ.

"ಟೇಪ್ ಕೊಡಿ," ಎಂದು ಅವಳು ಕೈಚಾಚಿ ನೋಟ್‌ಬುಕ್ಕನ್ನು ಅವನ ಕೈಗಿಟ್ಟಳು. ಮೊನ್ನೆಯ ಎರಡು ಅಳತೆಗಳ ಮೇಲೆ ಅವಳು ಒಂದು ಗೆರೆ ಎಳೆದು ಹೊಡೆದುಹಾಕಿದ್ದಳು. ಕೆಳಗೆ ಜಾಗ ಖಾಲಿಯಿತ್ತು.

ಅವಳು ಸ್ಟೂಲು ಹತ್ತಲಿಲ್ಲ, ಕುಕ್ಕರಗಾಲಲ್ಲಿ ಕೂರಲಿಲ್ಲ. ನಿಂತಲ್ಲಿಂದಲೇ ಕಿಟಕಿಯ ನಡುವೆ ಟೇಪನ್ನು ಒಂದು ಸಲ ಎಳೆದು, ಉಗುರು ಒತ್ತದೆ, ಬಿಟ್ಟಳು. ಅದು ಸರ್ರನೆ ಒಳಗೆ ಹೋಯಿತು.

"ಸುಮಾರು ಆರಡಿ."

ಕೆಳಗಡೆ ಎಪ್ಪತ್ತೊಂದೂಕಾಲು ಎಂದು ಅವನಿಗೆ ಗೊತ್ತಿತ್ತು. ಕಾಲಿಂಚೂ ತಪ್ಪದೆ ಗೊತ್ತಿತ್ತು. ಹನ್ನೊಂದು ವರ್ಷದ ಕಸುಬು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡ.

"ಸುಮಾರು ಆರಡಿ," ಎಂದು ತಿರುಗಿ ಹೇಳಿ, ಬರೆದುಕೊಂಡ.